ತರಗತಿಯ ಪ್ರಶ್ನೆಯೂ ಮನೆಯ ನಂಬಿಕೆಯೂ

2012ರ ಜೂನ್‌ನಲ್ಲಿ ಫೋರ್ಟ್ ವರ್ತ್ ನಗರದಲ್ಲಿ ನಡೆದ ಟೆಕ್ಸಸ್ ರಾಜ್ಯ ರಿಪಬ್ಲಿಕನ್ ಪಕ್ಷದ ಸಮಾವೇಶವು ಅಂಗೀಕರಿಸಿದ ಪ್ರಣಾಳಿಕೆಯಲ್ಲಿ ‘ಜ್ಞಾನಾಧಾರಿತ ಶಿಕ್ಷಣ’ ಎಂಬ ತಲೆಬರಹದ ಪುಟ್ಟ ಪರಿಚ್ಛೇದವೊಂದಿತ್ತು. ಉನ್ನತ ಮಟ್ಟದ ಆಲೋಚನಾ ಕೌಶಲ, ವಿಮರ್ಶಾತ್ಮಕ ಚಿಂತನೆ ಮತ್ತು ಅಂಥವೇ ಕಾರ್ಯಕ್ರಮಗಳನ್ನು ಶಾಲೆಗಳಲ್ಲಿ ಕಲಿಸುವುದಕ್ಕೆ ಪಕ್ಷದ ವಿರೋಧವಿದೆ ಎಂದು ಅದು ಸಾರಿತು. ಕಾರಣವನ್ನೂ ಬಿಡಿಸಿ ಹೇಳಿತು: ಇವೆಲ್ಲ ಫಲಿತಾಂಶ ಆಧಾರಿತ ಶಿಕ್ಷಣಕ್ಕೆ ಅಂಟಿಸಿದ ಹೊಸ ಹೆಸರುಗಳು, ಮಕ್ಕಳ ವರ್ತನೆಯನ್ನು ಬದಲಿಸುವುದು, ಅವರ ಸ್ಥಿರ ನಂಬಿಕೆಗಳಿಗೆ ಸವಾಲೊಡ್ಡುವುದು, ತಂದೆತಾಯಿಯ ಅಧಿಕಾರವನ್ನು ಸಡಿಲಗೊಳಿಸುವುದು ಇವುಗಳ ಉದ್ದೇಶ.

ಪತ್ರಿಕೆಗಳು ಈ ಸಾಲನ್ನು ಎತ್ತಿ ತೋರಿಸಿದಾಗ ಟಿ.ವಿ. ಹಾಸ್ಯ ಕಾರ್ಯಕ್ರಮಗಳಿಗೆ ಸುಗ್ಗಿಯಾಯಿತು. ‘ವಿಮರ್ಶಾತ್ಮಕ ಚಿಂತನೆ’ ಎಂಬ ಮಾತು ಕಣ್ತಪ್ಪಿನಿಂದ ಸೇರಿಕೊಂಡಿದೆ, ಆದರೆ ಸಮಾವೇಶ ಒಪ್ಪಿದ್ದನ್ನು 2014ರ ಮುಂದಿನ ಸಮಾವೇಶದವರೆಗೆ ತಿದ್ದಲು ಬರುವುದಿಲ್ಲ ಎಂದು ಪಕ್ಷದ ವಕ್ತಾರರು ವಿವರಣೆ ಕೊಟ್ಟರು. ಪ್ರಣಾಳಿಕೆ ಕಾನೂನಲ್ಲ, ಸುಮಾರು 50 ಲಕ್ಷ ಮಕ್ಕಳು ಓದುತ್ತಿದ್ದ ಟೆಕ್ಸಸ್‌ನ ಸರ್ಕಾರಿ ಶಾಲೆಗಳಲ್ಲಿ ಆ ಸಾಲಿನಿಂದಾಗಿ ಮರುದಿನವೇ ಏನೂ ಬದಲಾಗಲಿಲ್ಲ. ಆದರೂ ಅದನ್ನು ನಕ್ಕು ಬಿಟ್ಟುಬಿಡುವಂತಿರಲಿಲ್ಲ. ಅಮೆರಿಕದಲ್ಲಿ ಅದಕ್ಕೂ ಎಪ್ಪತ್ತು ವರ್ಷ ಹಿಂದಿನಿಂದ ಪಠ್ಯಪುಸ್ತಕಗಳ ಸುತ್ತ ನಡೆದಿದ್ದ ಜಗಳಗಳ ತಿರುಳನ್ನು, ಅಂದರೆ ಮಗುವಿನ ಮನಸ್ಸಿನ ಮೇಲೆ ಕೊನೆಯ ಹಕ್ಕು ಯಾರದು ಎಂಬ ಪ್ರಶ್ನೆಯನ್ನು, ಅದು ಮುಚ್ಚುಮರೆಯಿಲ್ಲದೆ ಬರೆದಿಟ್ಟಿತ್ತು.

ಪರಿಚ್ಛೇದದ ಒಂದೊಂದು ಪಾರಿಭಾಷಿಕ ಪದಕ್ಕೂ ಚರಿತ್ರೆಯಿದೆ. ‘ಉನ್ನತ ಮಟ್ಟದ ಆಲೋಚನೆ’ ಎಂಬ ಕಲ್ಪನೆಯ ಮೂಲ ಷಿಕಾಗೊ ವಿಶ್ವವಿದ್ಯಾಲಯದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ಬೋಧನಾ ಉದ್ದೇಶಗಳ ವರ್ಗೀಕರಣ. ಅವರೆಲ್ಲ ಪರೀಕ್ಷೆ ನಡೆಸುವ ಕೆಲಸದಲ್ಲಿದ್ದವರು. ಬಹುಪಾಲು ಪ್ರಶ್ನೆಗಳು ನೆನಪನ್ನಷ್ಟೇ ಅಳೆಯುತ್ತವೆ ಎಂಬುದನ್ನು ಕಂಡು ಅವರು ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ ಎಂದು ಆರು ಮೆಟ್ಟಿಲುಗಳನ್ನು ಗುರುತಿಸಿದರು. 1957ರಲ್ಲಿ ಬ್ಲೂಮ್ ಭಾರತಕ್ಕೂ ಬಂದು ಪರೀಕ್ಷಾ ಸುಧಾರಣೆಯ ಕಾರ್ಯಾಗಾರಗಳನ್ನು ನಡೆಸಿದರು. ಮರುವರ್ಷ ಕೇಂದ್ರೀಯ ಪರೀಕ್ಷಾ ಘಟಕ ಸ್ಥಾಪನೆಯಾಯಿತು. ಕರ್ನಾಟಕದ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಸ್ಮರಣೆ, ತಿಳುವಳಿಕೆ, ಅನ್ವಯ, ಕೌಶಲ ಎಂದು ಅಂಕ ಹಂಚುವ ಪದ್ಧತಿಯಲ್ಲಿ ಕಾಣುವುದು ಅದೇ ವರ್ಗೀಕರಣದ ನೆರಳು. ಸಿಬಿಎಸ್‌ಇ ವಿದ್ಯಾರ್ಥಿಗಳು ‘ಹಾಟ್ಸ್ ಪ್ರಶ್ನೆ’ ಎಂದು ಕರೆಯುವುದೂ, ಟೆಕ್ಸಸ್ ಪ್ರಣಾಳಿಕೆ ಹೆಸರಿಸಿ ವಿರೋಧಿಸಿದ್ದೂ ಒಂದನ್ನೇ.

ಮೊದಲ ಸಂಪುಟದಲ್ಲಿ ಪರೀಕ್ಷಕರನ್ನು ಬಿಟ್ಟು ಬೇರೆ ಯಾರನ್ನೂ ಕೆರಳಿಸುವ ಸಂಗತಿ ಇರಲಿಲ್ಲ. ತೊಡಕು ಬಂದದ್ದು 1964ರ ಎರಡನೆಯ ಸಂಪುಟದಿಂದ. ಡೇವಿಡ್ ಕ್ರಾಥ್ವೋಲ್, ಬ್ಲೂಮ್ ಮತ್ತು ಬರ್ಟ್ರಮ್ ಮಾಸಿಯಾ ಬರೆದ ಆ ಸಂಪುಟ ಭಾವನೆ, ಅಭಿರುಚಿ, ಮನೋಭಾವಗಳ ಕಲಿಕೆಗೆ ಸಂಬಂಧಿಸಿದ್ದು. ವಿದ್ಯಾರ್ಥಿಗಳ ಸ್ಥಿರ ನಂಬಿಕೆಗಳನ್ನು ಕೆಣಕಿ ಅವರನ್ನು ಚರ್ಚೆಗೆ ತೊಡಗಿಸುವ ಸಾಮರ್ಥ್ಯ ಒಳ್ಳೆಯ ಬೋಧನೆಯ ದೊಡ್ಡ ಭಾಗ ಎಂಬ ಅರ್ಥದ ಒಂದು ವಾಕ್ಯ ಅದರಲ್ಲಿದೆ. ಸಂಪ್ರದಾಯನಿಷ್ಠ ಪೋಷಕರ ಸಂಘಟನೆಗಳು ಈ ಒಂದು ವಾಕ್ಯವನ್ನು ದಶಕಗಳ ಕಾಲ ಕರಪತ್ರಗಳಲ್ಲಿ, ಭಾಷಣಗಳಲ್ಲಿ ಮತ್ತೆ ಮತ್ತೆ ಉದ್ಧರಿಸಿದವು. ಶಿಕ್ಷಣತಜ್ಞರು ತಮ್ಮ ನಿಜವಾದ ಇರಾದೆಯನ್ನು ತಮ್ಮ ಬಾಯಿಂದಲೇ ಒಪ್ಪಿಕೊಂಡಿದ್ದಾರೆ ಎಂಬುದಕ್ಕೆ ಅದು ಅವರ ಕೈಗೆ ಸಿಕ್ಕ ಸಾಕ್ಷಿ. ನಲವತ್ತೆಂಟು ವರ್ಷಗಳ ನಂತರ ಟೆಕ್ಸಸ್ ಪ್ರಣಾಳಿಕೆಯಲ್ಲಿ ‘ಸ್ಥಿರ ನಂಬಿಕೆ’ ಎಂಬ ಮಾತು ಕಾಣಿಸಿಕೊಂಡದ್ದು ಆಕಸ್ಮಿಕವಲ್ಲ. ಅದನ್ನು ಬರೆದವರು ಬ್ಲೂಮ್‌ನನ್ನು ಓದದವರು ಎಂದು ಹೀಯಾಳಿಸಿದವರಿಗೆ ಈ ಹಿನ್ನೆಲೆ ತಿಳಿದಿರಲಿಲ್ಲ.

ಪರಿಚ್ಛೇದದಲ್ಲಿದ್ದ ಉಳಿದ ಪದಗಳು ಬೇರೆಬೇರೆ ಕಾಲದವು. ‘ಮೌಲ್ಯ ಸ್ಪಷ್ಟೀಕರಣ’ ಎಂಬುದು 1966ರಲ್ಲಿ ಲೂಯಿ ರಾತ್ಸ್, ಮೆರಿಲ್ ಹಾರ್ಮಿನ್, ಸಿಡ್ನಿ ಸೈಮನ್ ಮುಂದಿಟ್ಟ ಬೋಧನಾ ವಿಧಾನ. ಯಾವ ಮೌಲ್ಯ ಸರಿ ಎಂದು ಶಿಕ್ಷಕರು ಹೇಳಬಾರದು. ತನಗೆ ಯಾವುದು ಮುಖ್ಯ ಎಂಬುದನ್ನು ಮಗುವೇ ಅಭ್ಯಾಸಗಳ ಮೂಲಕ ಕಂಡುಕೊಳ್ಳಬೇಕು. ಧಾರ್ಮಿಕ ಪೋಷಕರು ಮಾತ್ರವಲ್ಲ, ನೈತಿಕ ಬೆಳವಣಿಗೆಯ ಬಗ್ಗೆ ಸಂಶೋಧನೆ ಮಾಡಿದ ಲಾರೆನ್ಸ್ ಕೋಲ್ಬರ್ಗ್ ಅವರಂಥ ಮನೋವಿಜ್ಞಾನಿಗಳೂ ಇದನ್ನು ಒಪ್ಪಲಿಲ್ಲ. ಸುಳ್ಳು ಹೇಳುವುದೂ ಹೇಳದಿರುವುದೂ ಅವರವರ ಆಯ್ಕೆ ಎಂಬಲ್ಲಿಗೆ ಅದು ಮುಟ್ಟುತ್ತದೆ ಎಂಬ ಟೀಕೆಯಲ್ಲಿ ಹುರುಳಿತ್ತು. ‘ಪ್ರಭುತ್ವ ಕಲಿಕೆ’ ಬ್ಲೂಮ್ 1968ರಲ್ಲಿ ರೂಪಿಸಿದ್ದು: ಒಂದು ಘಟಕ ಚೆನ್ನಾಗಿ ಮನದಟ್ಟಾದ ಮೇಲೆಯೇ ಮುಂದಿನದು. ವಿಲಿಯಂ ಸ್ಪೇಡಿ ಪ್ರಚುರಪಡಿಸಿದ ‘ಫಲಿತಾಂಶ ಆಧಾರಿತ ಶಿಕ್ಷಣ’ 1990ರ ದಶಕದ ಆರಂಭದಲ್ಲಿ ಪೆನ್ಸಿಲ್ವೇನಿಯಾದಲ್ಲಿ ದೊಡ್ಡ ಹೋರಾಟಕ್ಕೆ ಕಾರಣವಾಯಿತು. ಶಾಲೆ ಮುಗಿಸುವ ವಿದ್ಯಾರ್ಥಿಯಲ್ಲಿ ಗಣಿತ, ವಿಜ್ಞಾನದ ತಿಳಿವಿನ ಜೊತೆಗೆ ಇತರರನ್ನು ಅರಿತು ಗೌರವಿಸುವಂಥ ಮನೋಭಾವವೂ ಇರಬೇಕು ಎಂದು ಅಲ್ಲಿನ ಶಿಕ್ಷಣ ಮಂಡಳಿ ಗುರಿಯಿಟ್ಟಿತ್ತು. ಮನೋಭಾವವನ್ನು ಸರ್ಕಾರ ಅಳೆಯುವುದು ಹೇಗೆ, ಅಳೆಯಲು ಅದಕ್ಕೆ ಅಧಿಕಾರ ಕೊಟ್ಟವರು ಯಾರು ಎಂದು ಪೋಷಕರು ಕೇಳಿದರು. ಅಂಥ ಗುರಿಗಳನ್ನು ಕೈಬಿಡಬೇಕಾಯಿತು. 1993ರಲ್ಲಿ ವರ್ಜೀನಿಯಾದ ಡೆಮಾಕ್ರಟಿಕ್ ಗವರ್ನರ್ ಡಗ್ಲಸ್ ವೈಲ್ಡರ್ ಇದೇ ಬಗೆಯ ಯೋಜನೆಯನ್ನು ಹಿಂತೆಗೆದುಕೊಂಡರು. ಈ ಸೋಲುಗೆಲುವುಗಳ ನೆನಪಿನಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ವಿಧಾನಗಳೆಲ್ಲ ಒಂದೇ ಹೆಸರಿನಡಿ ಸೇರಿಹೋದವು. ಸಾಕ್ಷ್ಯವನ್ನು ತೂಗಿ ನೋಡುವ ಕಲೆಯೂ ‘ಎಲ್ಲ ಮೌಲ್ಯಗಳೂ ಸಮ’ ಎನ್ನುವ ನಿಲುವೂ ಒಂದೇ ಎಂಬ ಗ್ರಹಿಕೆ ಹುಟ್ಟಿದ್ದು ಹೀಗೆ.

ವಿರೋಧದ ಬೇರು ಇದಕ್ಕಿಂತ ಹಳೆಯದು, ಮತ್ತು ಅದು ಯಾವಾಗಲೂ ಧರ್ಮಕ್ಕೆ ಸಂಬಂಧಿಸಿದ್ದಾಗಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಹೆರಾಲ್ಡ್ ರಗ್ 1929ರಿಂದ ಪ್ರಕಟಿಸಿದ ಸಮಾಜ ವಿಜ್ಞಾನದ ಪಠ್ಯಪುಸ್ತಕಗಳು ಲಕ್ಷಾಂತರ ಮಕ್ಕಳ ಕೈಸೇರಿದ್ದವು. ಸಂಪತ್ತಿನ ಹಂಚಿಕೆ ಹೀಗೇಕಿದೆ, ನಿರುದ್ಯೋಗಕ್ಕೆ ಕಾರಣವೇನು, ಜಾಹೀರಾತು ಹೇಳುವುದನ್ನು ಎಷ್ಟು ನಂಬಬೇಕು ಎಂಬಂಥ ಪ್ರಶ್ನೆಗಳು ಅವುಗಳಲ್ಲಿದ್ದವು. 1939ರ ಹೊತ್ತಿಗೆ ಜಾಹೀರಾತುದಾರರ ಒಕ್ಕೂಟ, ಕೈಗಾರಿಕೋದ್ಯಮಿಗಳ ಸಂಘ, ಮಾಜಿ ಸೈನಿಕರ ಸಂಘಟನೆಯಾದ ಅಮೆರಿಕನ್ ಲೀಜನ್ ಒಟ್ಟಾಗಿ ಅವುಗಳ ಮೇಲೆ ಮುಗಿಬಿದ್ದವು. 1940ರಲ್ಲಿ ಒಹಾಯೊದ ಬ್ರಾಡ್ನರ್ ಊರಿನಲ್ಲಿ ಪುಸ್ತಕಗಳನ್ನು ಸುಟ್ಟರು. 1938ರಲ್ಲಿ 2,89,000 ಪ್ರತಿ ಮಾರಾಟವಾಗಿದ್ದ ಸರಣಿ 1944ರಲ್ಲಿ 21,000ಕ್ಕೆ ಇಳಿಯಿತು. ಅದನ್ನು ಯಾವ ನ್ಯಾಯಾಲಯವೂ ನಿಷೇಧಿಸಲಿಲ್ಲ, ಯಾವ ಶಾಸನವೂ ತಡೆಯಲಿಲ್ಲ. ಶಾಲಾ ಮಂಡಳಿಗಳು ಸದ್ದಿಲ್ಲದೆ ಬೇರೆ ಪುಸ್ತಕ ಕೊಂಡವು. ಜಗಳ ತರುವ ಪಠ್ಯಕ್ಕೆ ಮಾರುಕಟ್ಟೆಯಿಲ್ಲ ಎಂಬ ಪಾಠವನ್ನು ಪ್ರಕಾಶಕರು ಅಂದು ಕಲಿತರು.

ಎರಡನೆಯ ದೊಡ್ಡ ಸುತ್ತು 1970ರ ದಶಕದ್ದು. ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಉಪಗ್ರಹದ ನಂತರ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಪಠ್ಯಕ್ರಮ ಸುಧಾರಣೆಗೆ ಹಣ ಹರಿಸಿತು. ಮನೋವಿಜ್ಞಾನಿ ಜೆರೋಮ್ ಬ್ರೂನರ್ ನೇತೃತ್ವದಲ್ಲಿ ಐದನೆಯ ತರಗತಿಯ ಮಕ್ಕಳಿಗಾಗಿ ‘ಮ್ಯಾನ್: ಎ ಕೋರ್ಸ್ ಆಫ್ ಸ್ಟಡಿ’ ಎಂಬ ಪಠ್ಯ ಸಿದ್ಧವಾಯಿತು. ಸಾಲ್ಮನ್ ಮೀನು, ಕಡಲಹಕ್ಕಿ, ಬಬೂನ್ ಕೋತಿಗಳ ಬದುಕಿನಿಂದ ತೊಡಗಿ ಕೆನಡಾದ ಹಿಮಪ್ರದೇಶದ ನೆಟ್ಸಿಲಿಕ್ ಜನರ ಜೀವನದವರೆಗೆ ಚಲನಚಿತ್ರಗಳ ಮೂಲಕ ಸಾಗುವ ಈ ಪಠ್ಯ, ಮನುಷ್ಯನನ್ನು ಮನುಷ್ಯನಾಗಿಸುವುದು ಏನು ಎಂದು ಮಕ್ಕಳನ್ನೇ ಕೇಳುತ್ತಿತ್ತು. ಆಹಾರವಿಲ್ಲದ ಕಾಲದಲ್ಲಿ ವೃದ್ಧರನ್ನು ಹಿಂದೆ ಬಿಟ್ಟು ಸಾಗುವ ಸಮುದಾಯದ ಕಥೆ ಹತ್ತು ವರ್ಷದ ಮಗುವಿನ ಮುಂದೆ ಚರ್ಚೆಗೆ ಬರುತ್ತಿತ್ತು. ಇದು ಮಕ್ಕಳಿಗೆ ಭಾರವಾಗುವ ವಿಷಯವಲ್ಲವೇ ಎಂದು ಯಾವ ತಾಯಿಗಾದರೂ ಅನಿಸಬಹುದಾಗಿತ್ತು. ಆದರೆ 1975ರಲ್ಲಿ ಅರಿಜೋನಾದ ಸಂಸದ ಜಾನ್ ಕಾನ್ಲನ್ ಎತ್ತಿದ ಆಕ್ಷೇಪ ಅದಕ್ಕಿಂತ ವಿಶಾಲವಾಗಿತ್ತು: ಅಮೆರಿಕದ ಮೌಲ್ಯಗಳಿಂದ ಮಕ್ಕಳನ್ನು ಬೇರ್ಪಡಿಸಲು ಸರ್ಕಾರದ ಹಣ ಬಳಕೆಯಾಗುತ್ತಿದೆ ಎಂಬುದು. ಪ್ರತಿಷ್ಠಾನ ಆ ವರ್ಷವೇ ಧನಸಹಾಯ ನಿಲ್ಲಿಸಿತು.

ಅದರ ಹಿಂದಿನ ವರ್ಷ ವೆಸ್ಟ್ ವರ್ಜೀನಿಯಾದ ಕನಾವಾ ಕೌಂಟಿಯಲ್ಲಿ ಭಾಷಾ ಪಠ್ಯಪುಸ್ತಕಗಳ ವಿಷಯ ಹಿಂಸೆಗೆ ತಿರುಗಿತ್ತು. ಪೋಷಕರು ಶಾಲೆ ಬಹಿಷ್ಕರಿಸಿದರು, ಸಾವಿರಾರು ಕಲ್ಲಿದ್ದಲು ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು, ಶಾಲಾ ಬಸ್ಸುಗಳಿಗೆ ಗುಂಡು ಬಿತ್ತು, ಶಾಲೆಗಳಲ್ಲಿ ಸ್ಫೋಟಗಳಾದವು. ಸಿಂಹದ ಬೋನಿನಲ್ಲಿ ಬದುಕುಳಿದ ಬೈಬಲ್‌ನ ದಾನಿಯೇಲನ ಕಥೆಯನ್ನು ಆಂಡ್ರೋಕ್ಲಿಸ್ ಮತ್ತು ಸಿಂಹದ ನೀತಿಕಥೆಯ ಪಕ್ಕದಲ್ಲಿಟ್ಟು ಹೋಲಿಸಲು ಹೇಳುವುದು ಆಕ್ಷೇಪಗಳಲ್ಲಿ ಒಂದು. ಕಪ್ಪು ಲೇಖಕರ ಬರಹಗಳೂ ಆ ಪುಸ್ತಕಗಳಲ್ಲಿದ್ದವು, ಸಿಟ್ಟಿನ ಒಂದು ಪಾಲು ಅವುಗಳ ಮೇಲೆಯೇ ಇತ್ತು ಎಂಬುದನ್ನು ಮರೆಯಬಾರದು. ಟೆಕ್ಸಸ್‌ನ ಲಾಂಗ್‌ವ್ಯೂ ಊರಿನ ಮೆಲ್ ಮತ್ತು ನಾರ್ಮಾ ಗೇಬ್ಲರ್ ದಂಪತಿಯ ದಾರಿ ಶಾಂತವಾದದ್ದು, ಹೆಚ್ಚು ಪರಿಣಾಮಕಾರಿಯೂ ಆಗಿತ್ತು. 1961ರಿಂದ ಅವರು ರಾಜ್ಯದ ಪಠ್ಯಪುಸ್ತಕಗಳನ್ನು ಸಾಲುಸಾಲಾಗಿ ಓದಿ ಶಿಕ್ಷಣ ಮಂಡಳಿಯ ಮುಂದೆ ಲಿಖಿತ ಆಕ್ಷೇಪ ಸಲ್ಲಿಸುತ್ತಿದ್ದರು. ಪ್ರಕಾಶಕರ ಕಣ್ತಪ್ಪಿಸಿದ್ದ ಅನೇಕ ನಿಜವಾದ ತಪ್ಪುಗಳನ್ನು ಅವರು ಹಿಡಿದುಕೊಟ್ಟರು. ಜೊತೆಗೇ, ಒಂದು ನಿಶ್ಚಿತ ಉತ್ತರವಿಲ್ಲದ ಪ್ರಶ್ನೆಗಳೇ ಮಕ್ಕಳಿಗೆ ಅಪಾಯ ಎಂದೂ ವಾದಿಸಿದರು. ಟೆಕ್ಸಸ್ ಇಡೀ ರಾಜ್ಯಕ್ಕೆ ಒಟ್ಟಾಗಿ ಪಠ್ಯ ಆಯ್ಕೆ ಮಾಡುವ ದೊಡ್ಡ ಗಿರಾಕಿಯಾದ್ದರಿಂದ ಅಲ್ಲಿ ತೆಗೆದುಹಾಕಿದ ಪ್ರಶ್ನೆ ಬೇರೆ ರಾಜ್ಯಗಳ ಪುಸ್ತಕದಿಂದಲೂ ಮಾಯವಾಗುತ್ತಿತ್ತು.

ಪೋಷಕರ ವಾದವನ್ನು ಅದರ ಪೂರ್ಣ ಬಲದಲ್ಲಿ ಕಾಣಬೇಕಾದರೆ ‘ಮೋಜರ್ಟ್ ವಿರುದ್ಧ ಹಾಕಿನ್ಸ್ ಕೌಂಟಿ’ ಮೊಕದ್ದಮೆಯನ್ನು ನೋಡಬೇಕು. 1983ರಲ್ಲಿ ಟೆನ್ನೆಸೀ ರಾಜ್ಯದ ಈ ಗ್ರಾಮೀಣ ಪ್ರದೇಶದ ಶಾಲಾ ಮಂಡಳಿ ಒಂದರಿಂದ ಎಂಟನೆಯ ತರಗತಿಯವರೆಗೆ ಹೊಸ ವಾಚನ ಪಠ್ಯಮಾಲೆಯನ್ನು ಕಡ್ಡಾಯ ಮಾಡಿತು. ಓದಿದ್ದನ್ನು ಪರಿಶೀಲಿಸುವ ಶಕ್ತಿ ಬೆಳೆಸುವುದು ಅದರ ಘೋಷಿತ ಉದ್ದೇಶ. ಕೆಲವು ಕ್ರೈಸ್ತ ಕುಟುಂಬಗಳಿಗೆ ಅದರಲ್ಲಿ ಮಾಟಮಂತ್ರ, ವಿಕಾಸವಾದ, ಅಡುಗೆ ಮಾಡುವ ಹುಡುಗನ ಚಿತ್ರ, ಎಲ್ಲ ಧರ್ಮಗಳೂ ಸಮ ಎಂಬ ಸೂಚನೆ ಕಂಡ ಆ್ಯನ್ ಫ್ರಾಂಕ್ ನಾಟಕ ಇವೆಲ್ಲ ಆಕ್ಷೇಪಾರ್ಹವಾಗಿ ತೋರಿದವು. ಪುಸ್ತಕವನ್ನು ನಿಷೇಧಿಸಿ ಎಂದು ಅವರು ನ್ಯಾಯಾಲಯವನ್ನು ಕೇಳಲಿಲ್ಲ. ನಮ್ಮ ಮಕ್ಕಳಿಗೆ ಬೇರೆ ಪುಸ್ತಕ ಕೊಡಿ ಎಂದರು. ಮೊದಲಿಗೆ ಕೆಲವು ಶಾಲೆಗಳು ಹಾಗೆಯೇ ಮಾಡಿದವು. ಮಂಡಳಿ ಅದನ್ನು ನಿಲ್ಲಿಸಿ, ತರಗತಿಗೆ ಕೂರದ ಮಕ್ಕಳನ್ನು ಶಾಲೆಯಿಂದ ಅಮಾನತು ಮಾಡಿದಾಗ ವ್ಯಾಜ್ಯ ಹುಟ್ಟಿತು. 1986ರಲ್ಲಿ ಜಿಲ್ಲಾ ನ್ಯಾಯಾಲಯ ಪೋಷಕರ ಪರ ತೀರ್ಪು ಕೊಟ್ಟಿತು. 1987ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಒಂದು ವಿಚಾರವನ್ನು ಮಗುವಿಗೆ ಪರಿಚಯಿಸುವುದು ಬೇರೆ, ಅದನ್ನು ನಂಬು ಎಂದು ಬಲವಂತ ಮಾಡುವುದು ಬೇರೆ ಎಂಬುದು ಮುಖ್ಯ ನ್ಯಾಯಾಧೀಶ ಪಿಯರ್ಸ್ ಲೈವ್ಲಿ ಬರೆದ ತೀರ್ಪಿನ ಹುರಿ. ನ್ಯಾಯಾಧೀಶೆ ಕಾರ್ನೀಲಿಯಾ ಕೆನಡಿ ಇನ್ನೂ ಮುಂದೆ ಹೋಗಿ, ವಿವಾದಾಸ್ಪದ ಸಾಮಾಜಿಕ ಮತ್ತು ನೈತಿಕ ಸಂಗತಿಗಳನ್ನು ಪರಿಶೀಲಿಸಿ ತಮ್ಮದೇ ತೀರ್ಮಾನಕ್ಕೆ ಬರಲು ಮಕ್ಕಳನ್ನು ಅಣಿಗೊಳಿಸುವುದು ಪ್ರಜಾಪ್ರಭುತ್ವಕ್ಕೆ ಅನಿವಾರ್ಯವಾದ ಹಿತಾಸಕ್ತಿ ಎಂದರು. ಸುಪ್ರೀಂ ಕೋರ್ಟ್ 1988ರಲ್ಲಿ ಮೇಲ್ಮನವಿ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ತೀರ್ಪು ಕಾನೂನಿನ ಗಂಟನ್ನು ಬಿಡಿಸಿತೇ ಹೊರತು ಪೋಷಕರ ಆತಂಕವನ್ನಲ್ಲ. ಮನೆಯಲ್ಲಿ ಪ್ರಶ್ನಾತೀತವೆಂದು ಹೇಳಿಕೊಟ್ಟದ್ದು ಶಾಲೆಯಲ್ಲಿ ಹಲವು ಅಭಿಪ್ರಾಯಗಳಲ್ಲಿ ಒಂದಾಗಿಬಿಟ್ಟರೆ, ಯಾರೂ ಬಲವಂತ ಮಾಡದೆಯೂ ಆ ನಂಬಿಕೆಯ ಸ್ಥಾನ ಬದಲಾಗುತ್ತದೆ. ಅವರು ಹೇಳಿದ ಈ ಮಾತು ಸುಳ್ಳಲ್ಲ. ಇದನ್ನು ಒಪ್ಪದೆ ವಿಮರ್ಶಾತ್ಮಕ ಚಿಂತನೆ ಕೇವಲ ಒಂದು ನಿರುಪದ್ರವಿ ಕೌಶಲವೆಂದು ಸಮಾಧಾನ ಹೇಳಿದ ಶಿಕ್ಷಣತಜ್ಞರು ಪೋಷಕರ ವಿಶ್ವಾಸ ಗಳಿಸಲಿಲ್ಲ.

ಜ್ಞಾನದ ಪರವಾಗಿ ಎದ್ದ ಇನ್ನೊಂದು ಆಕ್ಷೇಪಕ್ಕೆ ರಾಜಕೀಯದ ನಂಟಿಲ್ಲ, ಸಂಶೋಧನೆಯ ಬೆಂಬಲವಿದೆ. ವಿಷಯಜ್ಞಾನವಿಲ್ಲದೆ ಬರಿಯ ‘ಆಲೋಚನಾ ಕೌಶಲ’ ಕಲಿಸಲು ಬರುವುದಿಲ್ಲ ಎಂದು 1987ರಲ್ಲಿ ಇ. ಡಿ. ಹರ್ಷ್ ‘ಕಲ್ಚರಲ್ ಲಿಟರಸಿ’ ಕೃತಿಯಲ್ಲಿ ವಾದಿಸಿದರು. ಮರುವರ್ಷ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಮಕ್ಕಳಿಗೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ತಿಳಿಯದವರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡರು. 2007ರಲ್ಲಿ ಮನೋವಿಜ್ಞಾನಿ ಡೇನಿಯಲ್ ವಿಲಿಂಗ್‌ಹ್ಯಾಮ್ ಅದೇ ತರ್ಕವನ್ನು ಮುಂದುವರಿಸಿದರು: ಇತಿಹಾಸದಲ್ಲಿ ಸಾಕ್ಷ್ಯ ತೂಗುವುದು ಕಲಿತವರು ರಸಾಯನಶಾಸ್ತ್ರದಲ್ಲೂ ತಾನಾಗಿ ತೂಗಬಲ್ಲರು ಎಂದು ನಂಬಲು ಆಧಾರವಿಲ್ಲ. ಟೆಕ್ಸಸ್ ಪ್ರಣಾಳಿಕೆ ‘ಜ್ಞಾನಾಧಾರಿತ’ ಎಂಬ ತಲೆಬರಹವನ್ನು ಎರವಲು ಪಡೆದರೂ ಈ ಕಾರಣವನ್ನು ಕೊಡಲಿಲ್ಲ. ಹರ್ಷ್, ವಿಲಿಂಗ್‌ಹ್ಯಾಮ್ ಜ್ಞಾನವನ್ನು ಬೇಡಿದ್ದು ಮಗು ಚೆನ್ನಾಗಿ ಯೋಚಿಸಲಿ ಎಂದು. ಪ್ರಣಾಳಿಕೆಯ ಕಾಳಜಿ ನಂಬಿಕೆ ಅಲುಗದಿರಲಿ ಎಂಬುದು.

ವಿಮರ್ಶಾತ್ಮಕ ಚಿಂತನೆಯನ್ನು ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಹೊರಗೆ, ಉಗಾಂಡಾದಲ್ಲಿ, ಒಂದು ದೊಡ್ಡ ಪುರಾವೆ ದೊರೆತಿದೆ. ಅಲ್ಲಿನ 120 ಪ್ರಾಥಮಿಕ ಶಾಲೆಗಳ 10,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಪ್ರಯೋಗದ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಕಿತ್ಸೆಗಳ ಬಗ್ಗೆ ಜನ ಹೇಳುವುದನ್ನು ಒರೆಗೆ ಹಚ್ಚುವುದು ಹೇಗೆ ಎಂದು ಚಿತ್ರಕಥೆಯ ಪುಸ್ತಕದ ಮೂಲಕ ಒಂದು ಶೈಕ್ಷಣಿಕ ಅವಧಿಯಲ್ಲಿ ಒಂಬತ್ತು ಪಾಠ ಹೇಳಿಕೊಟ್ಟರು. ಪರೀಕ್ಷೆಯಲ್ಲಿ ಪಾಠ ಕೇಳಿದವರಲ್ಲಿ ಶೇ 69ರಷ್ಟು ಮಕ್ಕಳು ತೇರ್ಗಡೆಯಾದರೆ ಕೇಳದವರಲ್ಲಿ ತೇರ್ಗಡೆಯಾದವರು ಶೇ 27. ಪುಸ್ತಕದ ಒಂದು ಉದಾಹರಣೆ, ಸುಟ್ಟ ಗಾಯಕ್ಕೆ ಸಗಣಿ ಹಚ್ಚಿದರೆ ವಾಸಿಯಾಗುತ್ತದೆ ಎಂಬ ಮಾತು. ಅಂಥ ಮಾತು ಮಗುವಿನ ಕಿವಿಗೆ ಬೀಳುವುದು ಮನೆಯಲ್ಲಿ, ಹಿರಿಯರ ಬಾಯಿಂದ. ಆದ್ದರಿಂದ ಪ್ರಶ್ನಿಸುವುದನ್ನು ಕಲಿಸುತ್ತಲೇ ಮನೆಯ ಮಾತನ್ನು ಮುಟ್ಟದಿರುವ ಪಾಠ ಸಾಧ್ಯವಿಲ್ಲ. ಈ ಅಂಶದಲ್ಲಿ ಟೆಕ್ಸಸ್‌ನ ಪ್ರಣಾಳಿಕೆ ಬರೆದವರ ಅಂದಾಜು ಸರಿಯೇ. ತಪ್ಪಿದ್ದು ಅದರಿಂದ ಅವರು ತೆಗೆದ ನಿರ್ಣಯ. ಗಾಯಗೊಳ್ಳುವುದು ಮಗುವಿನ ಮೈ. ಅದಕ್ಕೆ ಹಚ್ಚುವುದನ್ನು ತೂಗಿ ನೋಡುವ ಶಕ್ತಿ ಮಗುವಿಗೆ ಸಲ್ಲಬೇಕಾದದ್ದು. ಪುಸ್ತಕಗಳಿರುವ ಮನೆಯ ಮಗು ಅದನ್ನು ಎಲ್ಲಿಯಾದರೂ ಕಲಿತೀತು. ಸರ್ಕಾರಿ ಶಾಲೆಯನ್ನೇ ನಂಬಿದ ಮಗುವಿಗೆ ತರಗತಿ ಬಿಟ್ಟರೆ ಬೇರೆ ಜಾಗವಿಲ್ಲ.

ಈ ರಾಜಕೀಯಕ್ಕೆ ಇನ್ನೊಂದು ಮಗ್ಗುಲೂ ಇದೆ. ಟೆಕ್ಸಸ್ ಪ್ರಣಾಳಿಕೆಗೆ ಎರಡು ತಿಂಗಳ ಮುಂಚೆ, 2012ರ ಏಪ್ರಿಲ್‌ನಲ್ಲಿ, ಟೆನ್ನೆಸೀ ರಾಜ್ಯದಲ್ಲಿ ಒಂದು ಕಾಯ್ದೆ ಗವರ್ನರ್ ಬಿಲ್ ಹ್ಯಾಸ್ಲಮ್ ಸಹಿ ಹಾಕದೆಯೇ ಜಾರಿಗೆ ಬಂತು. ವಿಕಾಸವಾದ, ಜಾಗತಿಕ ತಾಪಮಾನ ಏರಿಕೆಯಂಥ ವಿಷಯಗಳಲ್ಲಿ ಮಕ್ಕಳ ವಿಮರ್ಶಾತ್ಮಕ ಚಿಂತನೆ ಬೆಳೆಸಲು ಶಿಕ್ಷಕರಿಗೆ ಅದು ರಕ್ಷಣೆ ಕೊಟ್ಟಿತು. 2008ರ ಲೂಸಿಯಾನಾ ವಿಜ್ಞಾನ ಶಿಕ್ಷಣ ಕಾಯ್ದೆಯ ಮಾತೂ ಇದೇ. ವಿಜ್ಞಾನಿಗಳ ನಡುವೆ ಇಲ್ಲದ ಅನುಮಾನವನ್ನು ತರಗತಿಯೊಳಗೆ ತರುವ ದಾರಿ ಇದು ಎಂದು ವೈಜ್ಞಾನಿಕ ಸಂಸ್ಥೆಗಳು ವಿರೋಧಿಸಿದವು. ಡಾರ್ವಿನ್ನನ ಮೇಲೆ ಪ್ರಯೋಗಿಸಬಹುದಾದ ವಿಮರ್ಶೆ ಸ್ವಾಗತಾರ್ಹ, ಮನೆಯ ನಂಬಿಕೆಯ ಕಡೆ ತಿರುಗಬಹುದಾದ ವಿಮರ್ಶೆ ಅಪಾಯಕಾರಿ: ಒಂದೇ ರಾಜಕೀಯ ಬಳಗದಲ್ಲಿ ಎರಡೂ ನಿಲುವು ಅಕ್ಕಪಕ್ಕ ಇದ್ದವು.

ಆಮೇಲಿನ ವರ್ಷಗಳಲ್ಲಿ ವಿರೋಧ ಪ್ರಣಾಳಿಕೆಯಿಂದ ಶಾಸನಕ್ಕೆ ಸಾಗಿತು. 2014ರಲ್ಲಿ ಕೊಲರಾಡೊದ ಜೆಫರ್ಸನ್ ಕೌಂಟಿಯ ಶಾಲಾ ಮಂಡಳಿಯಲ್ಲಿ, ಇತಿಹಾಸದ ಪಠ್ಯ ದೇಶಭಕ್ತಿಯನ್ನು ಬೆಳೆಸಬೇಕು, ಕಾನೂನು ಮುರಿಯುವುದನ್ನು ಪ್ರೋತ್ಸಾಹಿಸಬಾರದು ಎಂಬ ಪ್ರಸ್ತಾವ ಬಂದಾಗ ನೂರಾರು ಪ್ರೌಢಶಾಲಾ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಮರುವರ್ಷ ಮತದಾರರು ಮಂಡಳಿಯ ಮೂವರು ಸದಸ್ಯರನ್ನು ವಾಪಸು ಕರೆಸಿಕೊಂಡರು. 2021ರಲ್ಲಿ ಟೆಕ್ಸಸ್ ಮಾಡಿದ ಕಾಯ್ದೆ, ವಿವಾದಾಸ್ಪದ ವಿಷಯವನ್ನು ಚರ್ಚಿಸುವ ಶಿಕ್ಷಕರು ಯಾವ ನಿಲುವಿನ ಪರವೂ ವಾಲದೆ ಭಿನ್ನ ದೃಷ್ಟಿಗಳನ್ನು ಪರಿಚಯಿಸಬೇಕು ಎಂದಿತು. ಓದಲು ಇದು ನ್ಯಾಯವಾಗಿಯೇ ಕಾಣುತ್ತದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೌತ್‌ಲೇಕ್ ಪಟ್ಟಣದ ಶಾಲಾ ಅಧಿಕಾರಿಯೊಬ್ಬರು, ಯಹೂದಿಗಳ ನರಮೇಧದ ಬಗ್ಗೆ ಪುಸ್ತಕವಿಟ್ಟರೆ ಎದುರು ದೃಷ್ಟಿಯ ಪುಸ್ತಕವನ್ನೂ ಇಡಿ ಎಂದು ತರಬೇತಿಯಲ್ಲಿ ಶಿಕ್ಷಕರಿಗೆ ಹೇಳಿದ್ದು ಬಹಿರಂಗವಾಯಿತು. ಶಾಲಾ ವಲಯದ ಮುಖ್ಯಸ್ಥರು ಕ್ಷಮೆ ಕೇಳಬೇಕಾಯಿತು. ಸಾಕ್ಷ್ಯ ತೂಗುವುದನ್ನು ಬಿಟ್ಟು ಎಲ್ಲಕ್ಕೂ ಎರಡು ಪಕ್ಷವಿದೆ ಎಂದುಕೊಂಡರೆ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಆ ಪ್ರಸಂಗ ತೋರಿಸಿತು. ಕಾನೂನಿನ ಅಕ್ಷರಕ್ಕಿಂತ ಅದು ಬಿತ್ತುವ ಭಯಕ್ಕೆ ಹರವು ಹೆಚ್ಚು. 2023ರಲ್ಲಿ ರ್‍ಯಾಂಡ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸುಮಾರು ಮೂರನೆಯ ಎರಡರಷ್ಟು ಶಿಕ್ಷಕರು ರಾಜಕೀಯ, ಸಾಮಾಜಿಕ ಚರ್ಚೆಯನ್ನು ತಾವಾಗಿಯೇ ಕಡಿಮೆ ಮಾಡಿದ್ದಾಗಿ ಹೇಳಿದರು; ನಿರ್ಬಂಧವೇ ಇಲ್ಲದ ಊರುಗಳ ಅನೇಕ ಶಿಕ್ಷಕರೂ ಅವರಲ್ಲಿದ್ದರು.

2025ರ ಜೂನ್‌ನಲ್ಲಿ ‘ಮಹಮೂದ್ ವಿರುದ್ಧ ಟೇಲರ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 6–3 ಬಹುಮತದಿಂದ ಮೇರಿಲ್ಯಾಂಡ್‌ನ ಮಾಂಟ್ಗಮರಿ ಕೌಂಟಿಯ ಪೋಷಕರ ಪರ ನಿಂತಿತು. ಸಲಿಂಗ ದಾಂಪತ್ಯ ಮತ್ತು ಲಿಂಗ ಗುರುತಿನ ಕಥೆಗಳಿರುವ ಪುಸ್ತಕಗಳ ಪಾಠದಿಂದ ತಮ್ಮ ಮಕ್ಕಳನ್ನು ಹೊರಗಿಡುವ ಅವಕಾಶ ಕೇಳಿದ್ದ ಅವರಲ್ಲಿ ಮುಸ್ಲಿಮರೂ ಕ್ರೈಸ್ತರೂ ಇದ್ದರು. ಪಾಠಕ್ಕೆ ಮುನ್ನ ತಿಳಿಸಬೇಕು, ಬೇಡವೆಂದವರ ಮಕ್ಕಳನ್ನು ಬಿಡಬೇಕು ಎಂದು ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಬರೆದ ತೀರ್ಪು ಹೇಳಿತು; ಇದು ಪರಿಚಯಿಸುವುದಷ್ಟೇ ಎಂಬ ವಾದವನ್ನು ಅದು ಒಪ್ಪಲಿಲ್ಲ. ಯಾವ ಪಾಠ ಧಾರ್ಮಿಕ ಪಾಲನೆಗೆ ಅಡ್ಡಿ ಎಂಬುದನ್ನು ಪ್ರತಿ ಪ್ರಕರಣದ ವಿವರ ನೋಡಿ ನಿರ್ಧರಿಸಬೇಕು. ಹಾಗಾಗಿ 1983ರಲ್ಲಿ ಹಾಕಿನ್ಸ್ ಕೌಂಟಿಯ ಶಾಲೆಗಳ ಮುಂದಿದ್ದ ಕೆಲಸ ಈಗ ದೇಶದ ಎಲ್ಲ ಶಾಲಾ ಮಂಡಳಿಗಳ ಪಾಲಿಗೆ ಬಂದಿದೆ: ಯಾವ ಪಾಠಕ್ಕೆ ಮುಂಚಿತವಾಗಿ ಪತ್ರ ಬರೆಯಬೇಕು, ಹೊರಗುಳಿದ ಮಕ್ಕಳಿಗೆ ಯಾವ ಪುಸ್ತಕ ಕೊಡಬೇಕು, ಅವರನ್ನು ಯಾವ ಕೊಠಡಿಯಲ್ಲಿ ಕೂರಿಸಬೇಕು, ಅವರ ಜೊತೆಗಿರಲು ಯಾವ ಶಿಕ್ಷಕರನ್ನು ಕಳಿಸಬೇಕು ಎಂಬುದನ್ನು ಅವು ಗೊತ್ತುಮಾಡಬೇಕಿದೆ.